ನಿಂತ ಸೋಲಾರ್ ವಾಚು: ಮಾರುವ ಮೊದಲು ಸೆಲ್ ತೆಗೆಸಿ

ಪ್ರಶ್ನೆ: ನಮ್ಮ ಕಾಕಾ ಮಸ್ಕತ್‌ದಾಗ ಕೆಲಸಕ್ಕಿದ್ದಾಗ ತಂದಿದ್ದ ಸೋಲಾರ್ ವಾಚೊಂದು ನನ್ನ ಕಡೆ ಐತಿ. ಮುಳ್ಳಿನ ವಾಚು, ಡಯಲ್ ಮ್ಯಾಲೆ ಕಡುನೀಲಿ ಪಟ್ಟಿಗಳದಾವ. ಭಾಳ ವರ್ಷದಿಂದ ನಿಂತಿತ್ತು. ಗಡಹಿಂಗ್ಲಜದಾಗ ತೋರಿಸಿದ್ರ "ಇದರ ಸೆಲ್ ಸಿಗಂಗಿಲ್ಲ" ಅಂದ್ರು. ಇಚಲಕರಂಜಿಯೊಳಗ ನಮ್ಮ ಅಳಿಯನ ಪರಿಚಯದವರು ಯಾವುದೋ ಸೆಲ್ ಹಾಕಿಕೊಟ್ರು, ಕೆಲವು ತಿಂಗಳು ನಡೀತು, ಮತ್ತ ನಿಂತು ಬಿಟ್ಟೈತಿ. ಕೊಲ್ಹಾಪುರದ ಅಂಗಡಿಯೊಬ್ಬರು "ಪಾರ್ಟ್ಸಿಗೆ ಬರ್ತದ, ಐದುನೂರು ಕೊಡ್ತೀನಿ, ಇಟ್ಟು ಹೋಗ್ರಿ" ಅಂತಾರ. ಕೊಡಲೋ ಬ್ಯಾಡೋ? ನಾನೇ ಮಾರಿದರ ಎಷ್ಟು ಕೇಳಬಹುದು? ನಡೆಯಂಗಿಲ್ಲ ಅಂತ ಮೊದಲೇ ಹೇಳಿದ ಮ್ಯಾಲೆ ಯಾರು ತಗೋತಾರ?
— ಓದುಗರೊಬ್ಬರು, ಗಡಹಿಂಗ್ಲಜ

ಉತ್ತರ: ಐದುನೂರರ ಮಾತು ಆಮೇಲೆ. ಮೊದಲು ಇಚಲಕರಂಜಿಯಲ್ಲಿ ಹಾಕಿಸಿದ ಆ ಸೆಲ್ ತೆಗೆಸಿ. ಅದು ಹೊರಗೆ ಬರುವ ತನಕ ವಾಚನ್ನು ಬಿಸಿಲಿಗೆ ಇಡಬೇಡಿ, ಕಿಟಕಿಯ ಪಕ್ಕವೂ ಬೇಡ. ಬಟ್ಟೆ ಸುತ್ತಿ ಕಪಾಟಿನೊಳಗೆ ಇಟ್ಟುಬಿಡಿ. ಸೋಲಾರ್ ವಾಚಿಗೆ ಬಿಸಿಲು ತೋರಿಸಬೇಡಿ ಅನ್ನುತ್ತಾನಲ್ಲ ಇವನು ಎಂದು ನಗಬೇಡಿ, ಕಾರಣ ಇದೆ.

ಇಂಥ ವಾಚು ನೇರವಾಗಿ ಬಿಸಿಲಿನಿಂದ ನಡೆಯುವುದಿಲ್ಲ. ಡಯಲ್ ಮೇಲಿನ ಪ್ಲೇಟು ಬೆಳಕಿನಿಂದ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಒಳಗಿನ ಪುಟ್ಟ ಸೆಲ್ಲಿಗೆ ತುಂಬಿಕೊಳ್ಳುತ್ತದೆ, ಮಶೀನು ಓಡುವುದು ಆ ಸೆಲ್ಲಿನಿಂದ. ರಾತ್ರಿಯಿಡೀ ನಡೆಯುವುದೂ ಅದರಿಂದಲೇ. ಆದ್ದರಿಂದ ಆ ಜಾಗದಲ್ಲಿ ಇರಬೇಕಾದ್ದು ಮರಳಿ ಮರಳಿ ಚಾರ್ಜ್ ಆಗುವ ಸೆಲ್. ಪೇಟೆಯ ಎಲ್ಲ ಅಂಗಡಿಯಲ್ಲೂ ಸಿಗುವ ಸಾದಾ ವಾಚಿನ ಸೆಲ್ ಚಾರ್ಜ್ ಆಗುವ ಜಾತಿಯದೇ ಅಲ್ಲ. ಫಜೀತಿ ಏನೆಂದರೆ, ಎರಡರ ಅಳತೆಯೂ ಒಂದೇ. ಈಚಿನ ಸೋಲಾರ್ ವಾಚುಗಳಲ್ಲಿ ಹೆಚ್ಚಾಗಿ ಬರುವ ಎಂಟಿ621 ಎಂಬ ಚಾರ್ಜಿಂಗ್ ಸೆಲ್ 6.8 ಮಿಲಿಮೀಟರ್ ಅಗಲ, 2.1 ಮಿಲಿಮೀಟರ್ ದಪ್ಪ. ಸಾದಾ 364 ನಂಬರಿನ ಸೆಲ್ಲೂ ಅಷ್ಟೇ ಅಗಲ, ಅಷ್ಟೇ ದಪ್ಪ. ವೋಲ್ಟೇಜು ಕೂಡ ಹತ್ತಿರ ಹತ್ತಿರ, ಒಂದೂವರೆಯ ಆಸುಪಾಸು. ಕ್ಯಾಸಿಯೋ ಸೋಲಾರ್ ವಾಚುಗಳ ಸಿಟಿಎಲ್1616 ಮತ್ತು ಸಾದಾ ಸಿಆರ್1616 ಕೂಡ ಹೀಗೆಯೇ ಅಳತೆಯಲ್ಲಿ ಅವಳಿಗಳು. ಒಳಗಿನ ರಸಾಯನ ಮಾತ್ರ ಬೇರೆ. ಸಾದಾ ಸೆಲ್ ಹಾಕಿದರೆ ವಾಚು ತಕ್ಷಣ ಟಿಕ್ ಟಿಕ್ ಅನ್ನುತ್ತದೆ. ಹಾಕಿದವರಿಗೂ ಸಮಾಧಾನ, ಹಾಕಿಸಿಕೊಂಡವರಿಗೂ ಸಮಾಧಾನ. ಆದರೆ ಮೇಲಿನ ಪ್ಲೇಟಿಗೆ ಇದು ಗೊತ್ತಿಲ್ಲ. ಬೆಳಕು ಬಿದ್ದಾಗಲೆಲ್ಲ ಅದು ಕೆಳಗಿನ ಸೆಲ್ಲಿಗೆ ಕರೆಂಟು ತುಂಬುತ್ತಲೇ ಇರುತ್ತದೆ. ಚಾರ್ಜ್ ಆಗಬಾರದ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಉಬ್ಬುತ್ತದೆ, ಸೋರುತ್ತದೆ. ಸೋರಿದ ಕ್ಷಾರ ಸರ್ಕ್ಯೂಟಿನ ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಕೆಲವು ತಿಂಗಳು ನಡೆದು ನಿಂತಿತು ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ಬರೀ ಸೆಲ್ ಮುಗಿದು ನಿಂತಿದ್ದರೆ ಪುಣ್ಯ. ಸೋರಲು ಶುರುವಾಗಿದ್ದರೆ ಪ್ರತಿ ವಾರವೂ ನಿಮ್ಮ ವಾಚಿನ ಬೆಲೆ ಇಳಿಯುತ್ತಿದೆ ಎಂದೇ ಲೆಕ್ಕ.

ಹಾಕಿಕೊಟ್ಟವರ ಮೇಲೆ ಸಿಟ್ಟಾಗಬೇಡಿ. ನಮ್ಮ ಪೇಟೆಗಳ ವಾಚು ರಿಪೇರಿಯವರು ಕಲಿತದ್ದು ಚಾವಿ ಕೊಡುವ ವಾಚಿನ ಮೇಲೆ, ಅದರಲ್ಲೂ ಬೆಂಗಳೂರಿನ ಎಚ್‌ಎಂಟಿ ಮೇಲೆ. ಕ್ವಾರ್ಟ್ಜ್ ಬಂದಮೇಲೆ ಅವರ ಕೆಲಸ ಸೆಲ್ ಬದಲಿಸುವುದಕ್ಕೆ ಇಳಿಯಿತು. ಸೋಲಾರ್ ವಾಚು ವರ್ಷಕ್ಕೊಂದು ಬಂದರೆ ಹೆಚ್ಚು. ಅದಕ್ಕಾಗಿ ಬೇರೆ ಸೆಲ್ ತರಿಸಿ ಡಬ್ಬದಲ್ಲಿಟ್ಟು ಕಾಯುವುದು ಯಾವ ಸಣ್ಣ ಅಂಗಡಿಗೂ ಕಟ್ಟುವುದಿಲ್ಲ. ಗಡಹಿಂಗ್ಲಜದವರು "ಸಿಗಂಗಿಲ್ಲ" ಎಂದು ವಾಪಸು ಕೊಟ್ಟದ್ದು ನನ್ನ ಲೆಕ್ಕದಲ್ಲಿ ಮೂರೂ ಊರಿನ ಪೈಕಿ ಅತ್ಯಂತ ನೆಟ್ಟಗಿನ ಉತ್ತರ.

ಮುಚ್ಚಳ ತೆಗೆಸುವಾಗ ನೀವು ಪಕ್ಕದಲ್ಲೇ ನಿಂತಿರಿ. ಒತ್ತಿ ಕೂರಿಸಿದ ಮುಚ್ಚಳವಾದರೆ ಅಂಚಿನಲ್ಲಿ ಉಗುರು ತೂರುವಷ್ಟು ಸಣ್ಣ ಕಚ್ಚು ಇರುತ್ತದೆ, ಅಲ್ಲೇ ಬ್ಲೇಡು ಹಾಕಬೇಕು. ತಿರುಪಿನ ಮುಚ್ಚಳವಾದರೆ ಸುತ್ತಲೂ ಗುಳಿಗಳಿರುತ್ತವೆ, ಅದಕ್ಕೆ ಬೇರೆ ಕೀಲಿ. ಮುಚ್ಚಳ ತೆಗೆದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದುಕೊಳ್ಳಿ. ಆ ಫೋಟೋದಲ್ಲಿ ಮೂರು ವಿಷಯ ಕಾಣಬೇಕು: ಈಗಿರುವ ಸೆಲ್ಲಿನ ನಂಬರು, ಮಶೀನಿನ ಮೇಲೆ ಅಚ್ಚಾದ ನಂಬರು, ಸೆಲ್ಲಿನ ಅಂಚಿನಲ್ಲಿ ಬಿಳಿಯ ಅಥವಾ ಹಸಿರು ಹಿಟ್ಟು ಕಟ್ಟಿದೆಯೋ ಇಲ್ಲವೋ. ಹಿಟ್ಟು ಇಲ್ಲದಿದ್ದರೆ ಅರ್ಧ ಗೆದ್ದಂತೆ. ಜೊತೆಗೆ ಮೊದಲಿದ್ದ ಹಳೆಯ ಸೆಲ್ ಇಚಲಕರಂಜಿಯವರ ಬಳಿ ಇನ್ನೂ ಬಿದ್ದಿದೆಯೇ ಎಂದು ಅಳಿಯಂದಿರ ಮೂಲಕ ಕೇಳಿಸಿ. ಚಾರ್ಜಿಂಗ್ ಸೆಲ್ಲುಗಳಿಗೆ ಬಹಳ ಸಲ ಕಂಪನಿಯಲ್ಲೇ ಬೆಸುಗೆ ಹಾಕಿದ ತಗಡಿನ ಕಿವಿ ಇರುತ್ತದೆ. ಹೊಸ ಸೆಲ್ ಹಾಕುವವರಿಗೆ ಆ ಕಿವಿಯ ಆಕಾರ ಗೊತ್ತಾದರೆ ಅರ್ಧ ಕೆಲಸ ಹಗುರ. ಸತ್ತ ಸೆಲ್ ಆದರೂ ಅದನ್ನು ವಾಚಿನ ಜೊತೆ ಪುಟ್ಟ ಪೊಟ್ಟಣದಲ್ಲಿ ಇಟ್ಟರೆ ಕೊಳ್ಳುವವನ ಕಣ್ಣರಳುತ್ತದೆ.

ಈಗ ನಿಮ್ಮ ಕೈಯಲ್ಲಿರುವುದು ಏನು ಎಂಬ ಪ್ರಶ್ನೆ. ಡಯಲ್ ಮೇಲೆ ಕಡುನೀಲಿ ಪಟ್ಟಿ ಕಾಣುತ್ತದೆ ಎಂದರೆ ಎರಡು ಸಾಧ್ಯತೆ. ಒಂದು, ನಿಜವಾಗಿ ಹಳೆಯ ಸೋಲಾರ್ ವಾಚು. ಅಮೆರಿಕದ ರೋಜರ್ ರೀಲ್ ಎಂಬಾತ 1970ರ ದಶಕದ ಆರಂಭದಲ್ಲಿ ಸಿಂಕ್ರೊನಾರ್ ಎಂಬ ಸೋಲಾರ್ ವಾಚು ತಂದ. ನೆತ್ತಿಯ ಮೇಲೆ ಸೋಲಾರ್ ಪ್ಲೇಟು, ಟೈಮು ಕಾಣುವುದು ಪಕ್ಕೆಯಲ್ಲಿ. ಅಂಕಿ ಬೆಳಗುವ ಜಾತಿ. ಮುಳ್ಳಿನ ವಾಚಿಗೆ ಸೋಲಾರ್ ಕೂರಿಸಿದ ಮೊದಲಿಗರು ಜಪಾನಿನ ಸಿಟಿಜನ್ ಕಂಪನಿಯವರು, 1976ರಲ್ಲಿ. ಕ್ರಿಸ್ಟ್ರಾನ್ ಸೋಲಾರ್ ಸೆಲ್ ಎಂದು ಅದರ ಹೆಸರು, ಡಯಲ್ ಮೇಲೆ ಸಿಲಿಕಾನ್ ಪ್ಲೇಟುಗಳು ಎದ್ದು ಕಾಣುತ್ತವೆ. ಈ ಸಿಟಿಜನ್ ನಮಗೆ ಹೊರಗಿನವರೇನಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದದ್ದು ಅವರದೇ ಕೈಹಿಡಿದು. ಮುಂದೆ 1995ರಲ್ಲಿ ಅದೇ ಕಂಪನಿ ಇಕೋ-ಡ್ರೈವ್ ತಂದು ಪ್ಲೇಟನ್ನು ಡಯಲ್ ಅಡಿಗೆ ಅಡಗಿಸಿತು, ಬೆಳಕು ಡಯಲ್ ಮೂಲಕವೇ ಸೋಸಿ ಇಳಿಯುವ ಹಾಗೆ. ಅಲ್ಲಿಂದ ಮುಂದಿನ ಬಹುಪಾಲು ಸೋಲಾರ್ ವಾಚು ನೋಡಲು ಸಾದಾ ವಾಚಿನಂತೆಯೇ. ಪಟ್ಟಿ ಕಾಣುವ ವಾಚು ಹೆಚ್ಚಾಗಿ ಅದಕ್ಕಿಂತ ಹಿಂದಿನದು, ಅಥವಾ ಬೇಕೆಂದೇ ಪಟ್ಟಿ ತೋರಿಸಿದ ಮಾದರಿ.

ಎರಡನೆಯ ಸಾಧ್ಯತೆ ಕೇಳಲು ಹಿತವಲ್ಲ. ಸೋಲಾರ್ ಎಂಬುದು ಹೊಸ ಫ್ಯಾಷನ್ನಾಗಿದ್ದ ಕಾಲದಲ್ಲಿ ಅಗ್ಗದ ವಾಚುಗಳ ಮೇಲೆ ಬರೀ ಅಲಂಕಾರಕ್ಕೆ ನೀಲಿ ಪಟ್ಟಿ ಅಂಟಿಸಿ, ಒಳಗೆ ಸಾದಾ ಸೆಲ್ ಇಟ್ಟು ಮಾರಿದ್ದೂ ಉಂಟು. ನಿಮ್ಮದು ಅಂಥದ್ದಾದರೆ ಇಚಲಕರಂಜಿಯವರು ಮಾಡಿದ್ದೇ ಸರಿ ಎಂದಾಗುತ್ತದೆ, ನಾನು ಮೇಲೆ ಹೆದರಿಸಿದ್ದು ನಿಮಗೆ ಅನ್ವಯಿಸುವುದಿಲ್ಲ! ಗುರುತು ಹೀಗೆ: ನಿಜವಾದ ಪ್ಲೇಟಿನ ಮೇಲೆ ಬೆಳಕಿಗೆ ಓರೆ ಹಿಡಿದು ನೋಡಿದರೆ ಬೆಳ್ಳಿಯ ಎಳೆಯಂಥ ಸಣ್ಣ ಗೆರೆಗಳು, ಪ್ಲೇಟಿನಿಂದ ಪ್ಲೇಟಿಗೆ ನಡುವೆ ತೆಳ್ಳನೆಯ ಸಂದು ಕಾಣುತ್ತವೆ. ಬಣ್ಣದ ಪಟ್ಟಿಯಾದರೆ ಎಲ್ಲ ಒಂದೇ ಸಮ, ಸಪಾಟು. ಸಂಶಯ ಉಳಿದರೆ ಮುಚ್ಚಳ ತೆಗೆದಾಗ ಡಯಲ್ ಕಡೆಯಿಂದ ಮಶೀನಿಗೆ ಕರೆಂಟು ಇಳಿಸುವ ಸ್ಪ್ರಿಂಗೋ ತಂತಿಯೋ ಇದೆಯಾ ಎಂದು ಕೇಳಿ.

ಮಾರಾಟಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಹಿಂಬದಿಯ ನಂಬರು, ಮುಖದ ಮೇಲಿನ ಹೆಸರಲ್ಲ. ಸೈಕೋ ವಾಚಿನ ಬೆನ್ನ ಮೇಲೆ ನಡುವೆ ಅಡ್ಡಗೆರೆ ಇರುವ ಎಂಟು ಅಕ್ಷರ–ಅಂಕಿ ಇರುತ್ತವೆ. ಗೆರೆಗೆ ಮೊದಲಿನ ನಾಲ್ಕು ಮಶೀನಿನ ನಂಬರು, ಆಮೇಲಿನದು ಕೇಸಿನದು. ಸಿಟಿಜನ್‌ನಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಕ್ಯಾಸಿಯೋದಲ್ಲಿ ಸಣ್ಣ ಚೌಕಟ್ಟಿನೊಳಗೆ ಮೂರೋ ನಾಲ್ಕೋ ಅಂಕಿ. ಸಿಟಿಜನ್ ಬೆನ್ನಿನಲ್ಲಿ ದೊಡ್ಡದಾಗಿ ಕಾಣುವ ಜಿಎನ್-4ಡಬ್ಲ್ಯು-ಎಸ್ ಎಂಬ ಗುರುತನ್ನು ಮಾಡೆಲ್ ನಂಬರು ಎಂದು ಬರೆದು ಎಷ್ಟೋ ಜನ ಜಾಹೀರಾತು ಹಾಕುತ್ತಾರೆ. ಅದು ಎಷ್ಟೋ ತರಹದ ಸಿಟಿಜನ್ ವಾಚಿನ ಮೇಲೆ ಬರುವ ಕೇಸಿನ ಗುರುತು, ಅದನ್ನು ನೋಡಿ ಗಿರಾಕಿ ಬರುವುದಿಲ್ಲ. ವಾಚು ಯಾವ ವರ್ಷದ್ದು ಎಂಬುದಕ್ಕೂ ಅಲ್ಲೇ ಸುಳಿವು: ಹಳೆಯ ಸೈಕೋದ ಆರು ಅಂಕಿಯ ಸೀರಿಯಲ್ ನಂಬರಿನಲ್ಲಿ ಮೊದಲನೆಯದು ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು, ಅಕ್ಟೋಬರಿಗೆ ಸೊನ್ನೆ, ನವೆಂಬರ್ ಡಿಸೆಂಬರಿಗೆ ಎನ್ ಮತ್ತು ಡಿ. ಯಾವ ದಶಕ ಎಂದು ಅದು ಹೇಳುವುದಿಲ್ಲ. ಅದಕ್ಕೆ ನಿಮ್ಮ ಕಾಕಾ ಯಾವಾಗ ಮಸ್ಕತ್ತಿನಲ್ಲಿದ್ದರು ಎಂಬ ನೆನಪೇ ಆಧಾರ. ಹಳೆಯ ಪಾಸ್‌ಪೋರ್ಟು ಮನೆಯಲ್ಲಿದ್ದರೆ ತೆಗೆದು ನೋಡಿ.

ಈ ನಂಬರಿಗೆ ಯಾಕಿಷ್ಟು ಜೀವ ಬಿಡುತ್ತೇನೆ ಎಂದರೆ, ಪಾರ್ಟ್ಸಿಗೆ ಹೋಗುವ ವಾಚಿನ ವ್ಯಾಪಾರ ನಡೆಯುವುದೇ ಅದರ ಮೇಲೆ. ಎಚ್‌ಎಂಟಿಯ ಕತೆ ನೋಡಿ. ಜನತಾ, ಪೈಲಟ್ ಹೀಗೆ ಹೆಸರು ಹಲವು, ಒಳಗಿನ ಚಾವಿ ಮಶೀನು ಒಂದೇ ಮನೆತನದ್ದು. ಹಾಗಾಗಿ ನಿಂತುಹೋದ ಒಂದು ಎಚ್‌ಎಂಟಿ ರಿಪೇರಿಯವನ ಡಬ್ಬದಲ್ಲಿ ಬಿದ್ದರೆ ಅದರ ಹಲ್ಲು, ಸ್ಪ್ರಿಂಗು, ಬ್ಯಾಲೆನ್ಸು ಬೇರೆ ಬೇರೆ ವಾಚುಗಳಿಗೆ ಹಂಚಿಹೋಗುತ್ತವೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು, ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಆದರೂ ಇವತ್ತಿಗೂ ಕೊಲ್ಹಾಪುರದಲ್ಲೇ ಆಗಲಿ ಬೆಳಗಾವಿಯಲ್ಲೇ ಆಗಲಿ ಎಚ್‌ಎಂಟಿ ರಿಪೇರಿ ನಿಂತಿಲ್ಲದಿರುವುದು ಈ ಹಳೆ ಡಬ್ಬಗಳಿಂದ. ಸೋಲಾರ್ ವಾಚಿಗೆ ಆ ಭಾಗ್ಯ ಇಲ್ಲ. ಅದರ ಸರ್ಕ್ಯೂಟು, ಪ್ಲೇಟು, ಡಯಲ್ ಎಲ್ಲ ಅದೇ ನಂಬರಿನ ಮಶೀನಿಗೆ ಮಾತ್ರ ಹೊಂದುತ್ತವೆ. ಕೊಲ್ಹಾಪುರದ ಅಂಗಡಿಯವರ ಗಲ್ಲೆಯ ಎದುರು ನಿಮ್ಮದೇ ನಂಬರಿನ ಇನ್ನೊಂದು ವಾಚು ಬಂದು ನಿಲ್ಲುವ ಸಂಭವ ಎಷ್ಟು? ಅವರು ಐದುನೂರು ಹೇಳಿದ್ದು ಮೋಸ ಅನ್ನಲಾರೆ. ಯಾವಾಗ ಉಪಯೋಗಕ್ಕೆ ಬಂದೀತೋ ಗೊತ್ತಿಲ್ಲದ ಸಾಮಾನಿಗೆ ಅಂಗಡಿಯವರು ಕೊಡುವ ದರ ಅದು. ನಿಮ್ಮ ನಿಜವಾದ ಗಿರಾಕಿ ಬೇರೆ ಎಲ್ಲೋ ಇದ್ದಾನೆ: ಅದೇ ವಾಚು ಇಟ್ಟುಕೊಂಡು, ಅದರ ಗಾಜೋ ಪ್ಲೇಟೋ ಒಡೆದು, ಸಿಗದೆ ಕೂತವನು. ಅವನು ಹುಡುಕುವುದು ಮಶೀನಿನ ನಂಬರು ಹಾಕಿ.

ಸೆಲ್ ತೆಗೆಸಿದ ಮೇಲೆ ಒಂದು ಪರೀಕ್ಷೆ ಮಾಡಿಸಿ. ಇದಕ್ಕೆ ವಾಚು ಅಂಗಡಿಗಿಂತ ಮೊಬೈಲ್ ರಿಪೇರಿ ಅಂಗಡಿ ವಾಸಿ ಎಂಬುದು ನನ್ನ ಮತ. ಅವರ ಬಳಿ ಸೂಕ್ಷ್ಮದರ್ಶಕ ಇದೆ, ಮೀಟರ್ ಇದೆ, ಸಣ್ಣ ವೋಲ್ಟೇಜು ಕೊಡುವ ಸಪ್ಲೈ ಇದೆ. ಬೆಸುಗೆ ಮುಟ್ಟಬೇಡಿ, ಅಳೆದು ಹೇಳಿ ಸಾಕು ಎಂದು ಮೊದಲೇ ಕರಾರು ಮಾಡಿಕೊಳ್ಳಿ. ಅಳೆಯಬೇಕಾದ್ದು ಎರಡು. ಬಿಸಿಲಿಗೆ ಹಿಡಿದಾಗ ಪ್ಲೇಟಿನಿಂದ ವೋಲ್ಟೇಜು ಬರುತ್ತದೆಯೇ? ಮುಳ್ಳು ತಿರುಗಿಸುವ ಕಾಯಿಲ್ ತುಂಡಾಗಿದೆಯೇ? ಮುಳ್ಳಿನ ಕ್ವಾರ್ಟ್ಜ್ ವಾಚಿನ ಕಾಯಿಲ್ ಸರಿಯಿದ್ದರೆ ಮೀಟರು ಸಾಮಾನ್ಯವಾಗಿ ಕೆಲವು ಸಾವಿರ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಕೈ ಪಳಗಿದವರಾದರೆ ಸೆಲ್ಲಿನ ಜಾಗಕ್ಕೆ ಹೊರಗಿನಿಂದ ಒಂದೂವರೆ ವೋಲ್ಟ್ ಕೊಟ್ಟು ಮುಳ್ಳು ಮಿಸುಕುತ್ತದೆಯೇ ಎಂದೂ ನೋಡುತ್ತಾರೆ. ಮಿಸುಕಿದರೆ ಅಲ್ಲೇ ವಿಡಿಯೋ ತೆಗೆಯಿರಿ. ಅಂಕಿಯ ವಾಚಿರುವ ಬೇರೆ ಓದುಗರಿಗೂ ಇದೇ ಹೊತ್ತಿನಲ್ಲಿ ಒಂದು ಮಾತು: ಸೆಲ್ ಹಾಕಿದ ಮೇಲೂ ಪರದೆ ಖಾಲಿ ಇದ್ದರೆ ವಾಚು ಸತ್ತಿತು ಅನ್ನಬೇಡಿ. ಕ್ಯಾಸಿಯೋ ಮಶೀನಿನ ಮೇಲೆ 'ಎಸಿ' ಎಂದು ಬರೆದ ಸಣ್ಣ ಚುಕ್ಕೆ ಇರುತ್ತದೆ. ಅದನ್ನೂ ಸೆಲ್ಲಿನ ಮೇಲ್ಭಾಗವನ್ನೂ ಚಿಮಟಿಗೆಯಿಂದ ಎರಡು ಸೆಕೆಂಡು ಕೂಡಿಸಿದರೆ ಎಷ್ಟೋ ವಾಚು ಎಚ್ಚರಾಗುತ್ತವೆ. ಈ ಚುಕ್ಕೆ ಗೊತ್ತಿಲ್ಲದೆ ಗುಜರಿಗೆ ಹೋದ ವಾಚುಗಳಿಗೆ ಲೆಕ್ಕವಿಲ್ಲ.

ಬಿಸಿಲಿಗಿಟ್ಟು ವಾಚು ನಡೆಯುತ್ತದೆಯೇ ಎಂದು ನೋಡುವುದು ಒಳಗೆ ಸರಿಯಾದ ಚಾರ್ಜಿಂಗ್ ಸೆಲ್ ಇದ್ದಾಗ ಮಾತ್ರ. ಅದಿದ್ದರೆ ಬೆಳಗಿನ ಅಥವಾ ಸಂಜೆಯ ಬಿಸಿಲಿಗೆ ಡಯಲ್ ನೇರ ಸೂರ್ಯನಿಗೆ ಎದುರಾಗುವ ಹಾಗೆ ಹಿಡಿದಿಡಿ. ಬಿಸಿಲಿನ ಕೋನದ ಪಾಠವನ್ನು ಕೊಲ್ಹಾಪುರದ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ಜನವರಿ ಕೊನೆ–ಫೆಬ್ರುವರಿ ಮೊದಲಲ್ಲಿ ಒಮ್ಮೆ, ನವೆಂಬರಿನಲ್ಲಿ ಇನ್ನೊಮ್ಮೆ ಅಂಬಾಬಾಯಿ ಗುಡಿಯೊಳಗೆ ಮುಳುಗುವ ಸೂರ್ಯನ ಕಿರಣ ದೇವಿಯ ಪಾದದಿಂದ ಮುಖದ ತನಕ ಏರುವ ಕಿರಣೋತ್ಸವ ನೋಡಿದವರು ನೀವು. ಮಧ್ಯಾಹ್ನ ತಗಡಿನ ಮಾಡಿನ ಮೇಲೆ, ಬೈಕಿನ ಟಾಕಿಯ ಮೇಲೆ ಇಡಬೇಡಿ. ಕಾದ ಲೋಹ ಸೆಲ್ಲನ್ನೂ ಹಳೆಯ ವಾಷರನ್ನೂ ಕೆಡಿಸುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಇಟ್ಟು ಚಾರ್ಜ್ ಆಗಲಿಲ್ಲ ಅನ್ನುವವರೂ ಇದ್ದಾರೆ. ತಿಳಿಯಾದ ಬಿಸಿಲು ಒಂದು ಲಕ್ಷ ಲಕ್ಸ್ ಇದ್ದರೆ ಚೆನ್ನಾಗಿ ಬೆಳಗಿದ ಕಚೇರಿಯ ದೀಪ 500 ಲಕ್ಸ್ ಆಸುಪಾಸು, ಅಂದರೆ ಇನ್ನೂರರಲ್ಲಿ ಒಂದು ಪಾಲು. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡಿ, ಹಗಲು ಬಾಗಿಲು ಹಾಕಿಕೊಂಡು ಮಲಗುವವರ ಕೈಯಲ್ಲಿ ಸೋಲಾರ್ ವಾಚು ನಿಲ್ಲುವುದು ಕೆಟ್ಟು ಅಲ್ಲ, ಹೊಟ್ಟೆಗಿಲ್ಲದೆ. ಸಿಟಿಜನ್ ಇಕೋ-ಡ್ರೈವ್‌ನಲ್ಲಿ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಹಾರಿ ಹಾರಿ ನಡೆದರೆ ಅದು ರೋಗವಲ್ಲ, ಬೆಳಕು ಬೇಕು ಎಂಬ ಸೂಚನೆ. ಅದನ್ನು ರಿಪೇರಿಗೆ ಒಯ್ದು ದುಡ್ಡು ಕಳೆದುಕೊಂಡವರು ಬೇಕಾದಷ್ಟು.

ಬೆಲೆಗೆ ಬರೋಣ. ನಂಬರು ಗೊತ್ತಿಲ್ಲದೆ ನಾನು ಮೊತ್ತ ಹೇಳಿದರೆ ಅದು ಕಣಿ ಹೇಳಿದಂತೆ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಮೊದಲು ಅದೇ ನಂಬರಿನ ವಾಚು ನಡೆಯುವ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ. ಕೇಳಿದ ಬೆಲೆ ನೋಡಬೇಡಿ, ಕೈಬದಲಾದ ಬೆಲೆ ನೋಡಿ. ಕೇಳುವುದಕ್ಕೆ ಯಾರು ಬೇಕಾದರೂ ಲಕ್ಷ ಕೇಳಬಹುದು. ಅದು ಸುಮ್ಮನೆ ಲೆಕ್ಕಕ್ಕೆ 4000 ರೂಪಾಯಿ ಎಂದಿಟ್ಟುಕೊಳ್ಳಿ. ಸರಿಯಾದ ಸೆಲ್ ತರಿಸಿ ಹಾಕಿಸಲು ಕೂಲಿ ಸೇರಿ 1200 ತಗಲುತ್ತದೆ ಅಂದುಕೊಳ್ಳಿ. ಉಳಿದದ್ದು 2800. ಇಷ್ಟನ್ನೂ ಯಾರೂ ಕೊಡುವುದಿಲ್ಲ, ಯಾಕೆಂದರೆ ಸೆಲ್ ಹಾಕಿದ ಮೇಲೂ ನಡೆಯದಿದ್ದರೆ ನಷ್ಟ ಕೊಂಡವನದು. ವಾಚಿನ ಬಗ್ಗೆ ಏನೂ ಹೇಳದೆ ಬರೀ "ನಿಂತಿದೆ" ಎಂದರೆ ಅವನು ಕೆಟ್ಟದ್ದನ್ನೇ ಊಹಿಸಿ ಸಾವಿರದೊಳಗೆ ಕೇಳುತ್ತಾನೆ. ಸೋರಿಕೆ ಇಲ್ಲ ಎಂಬ ಫೋಟೋ, ಪ್ಲೇಟು ವೋಲ್ಟೇಜು ಕೊಡುತ್ತಿದೆ ಎಂಬ ಫೋಟೋ, ಮುಳ್ಳು ಮಿಸುಕುವ ವಿಡಿಯೋ ಇದ್ದರೆ ಅದೇ ವಾಚಿಗೆ ಎರಡು ಸಾವಿರ ಕೇಳಿದರೂ ಮುಖ ತಿರುಗಿಸುವುದಿಲ್ಲ. ಪರೀಕ್ಷೆಯಲ್ಲಿ ಸರ್ಕ್ಯೂಟು ಸತ್ತಿದೆ ಎಂದೇ ಗೊತ್ತಾದರೂ ನಿರಾಸೆ ಬೇಡ. ಆಗ ಗಾಜು, ಡಯಲ್, ಮುಳ್ಳು, ಚಾವಿ, ಕಂಪನಿಯ ಚೈನು ಹೀಗೆ ಬಿಡಿ ಬಿಡಿಯಾಗಿ ಲೆಕ್ಕ. ಹಳೆಯ ವಾಚುಗಳಲ್ಲಿ ಮಶೀನಿಗಿಂತ ಕಂಪನಿಯ ಚೈನಿಗೇ ಗಿರಾಕಿ ಹೆಚ್ಚು ಸಲ ಸಿಗುತ್ತಾರೆ, ಒಂದು ಕೊಂಡಿಯೂ ಕಳೆಯದಿದ್ದರೆ. ಕಾಕಾ ತಮ್ಮ ಕೈಗೆ ಸರಿ ಮಾಡಿಸಿಕೊಳ್ಳಲು ಕಳಚಿಸಿದ ಕೊಂಡಿಗಳು ಯಾವುದಾದರೂ ಡಬ್ಬಿಯಲ್ಲಿ ಇವೆಯೇ ಹುಡುಕಿ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಹೊಳಪು ಬಂದರೆ ಬೆಲೆ ಬರುತ್ತದೆ ಎಂದು ಕೊಲ್ಹಾಪುರದ ಗುಜರಿಗೆ (ಹಳೆ ಸಾಮಾನಿನ ಗುಜರಿಯಲ್ಲ, ಮಹಾದ್ವಾರದ ಹತ್ತಿರದ ಚಿನ್ನದ ಪೇಟೆ) ಒಯ್ದು ಬಫಿಂಗ್ ಚಕ್ರಕ್ಕೆ ಹಿಡಿಸಬೇಡಿ. ಚಿನ್ನದ ಬಳೆಗೆ ಒಪ್ಪುವ ಆ ಚಕ್ರ ವಾಚಿನ ಕೇಸಿನ ಚೂಪಾದ ಅಂಚುಗಳನ್ನು ಸವೆಸಿ ಸಾಬೂನಿನ ಬಿಲ್ಲೆ ಮಾಡಿಬಿಡುತ್ತದೆ, ಬೆನ್ನಿನ ನಂಬರೂ ಮಾಸುತ್ತದೆ. ಸಂಗ್ರಹ ಮಾಡುವವರು ಗೀರನ್ನು ಕ್ಷಮಿಸುತ್ತಾರೆ, ಸವೆಸಿದ ಅಂಚನ್ನು ಕ್ಷಮಿಸುವುದಿಲ್ಲ. ಚೈನಿನ ಸಂದಿನ ಕೊಳೆಯನ್ನು ಒಣ ಬ್ರಷ್ಷಿನಿಂದ ತೆಗೆದರೆ ಸಾಕು.

ಜಾಹೀರಾತಿನಲ್ಲಿ ಏನು ಬರೆಯಬೇಕು? ಕನ್ನಡದಲ್ಲಿ ಬರೆದುಕೊಡುತ್ತೇನೆ, ಮರಾಠಿಗೋ ಇಂಗ್ಲಿಷಿಗೋ ನೀವೇ ತಿರುಗಿಸಿಕೊಳ್ಳಿ: "ಹಳೆಯ ಸೋಲಾರ್ ಕೈಗಡಿಯಾರ. ಮಶೀನ್ ನಂಬರು ಇಂಥದ್ದು, ಕೇಸ್ ನಂಬರು ಇಂಥದ್ದು. ನಡೆಯುತ್ತಿಲ್ಲ. ಬಿಡಿಭಾಗಕ್ಕೆ ಅಥವಾ ರಿಪೇರಿಗೆ. ಹಿಂದೊಮ್ಮೆ ಚಾರ್ಜ್ ಆಗದ ಸಾದಾ ಸೆಲ್ ಹಾಕಲಾಗಿತ್ತು, ಈಗ ತೆಗೆದಿದೆ. ಸೋರಿಕೆ ಗುರುತು ಕಂಡಿಲ್ಲ, ಒಳಗಿನ ಫೋಟೋ ನೋಡಿ. ಬಿಸಿಲಿನಲ್ಲಿ ಪ್ಲೇಟಿನಿಂದ ವೋಲ್ಟೇಜು ಬಂದಿದೆ. ಸರಿಯಾದ ಸೆಲ್ ಹಾಕಿ ನೋಡಿಲ್ಲ. ಗಾಜಿನ ಮೇಲೆ ನಾಲ್ಕು ಗಂಟೆಯ ಹತ್ತಿರ ಗೀರು ಇದೆ. ಪಾಲಿಶ್ ಮಾಡಿಸಿಲ್ಲ." ನೀವು ನೋಡಿದ್ದಕ್ಕೆ ತಕ್ಕಂತೆ ಸಾಲು ಬದಲಿಸಿ. ಸೆಲ್ ಹಾಕಿಸಿದ ಸಂಗತಿ ಮುಚ್ಚಿಡಬೇಕು ಅನ್ನಿಸಬಹುದು. ಮುಚ್ಚಿಡಬೇಡಿ, ಮುಚ್ಚಳ ತೆಗೆದ ಕ್ಷಣ ಅದು ಕೊಂಡವನಿಗೆ ಗೊತ್ತಾಗುತ್ತದೆ. "ಸೆಲ್ ಹಾಕಿದರೆ ನಡೆಯುತ್ತದೆ" ಎಂಬ ಸಾಲು ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. ಓದಿದವರು ಕೇಳುವುದು ಒಂದೇ ಪ್ರಶ್ನೆ, ಹಾಗಿದ್ದರೆ ನೀವೇ ಯಾಕೆ ಹಾಕಲಿಲ್ಲ? "ಆಂಟಿಕ್" ಎಂದೂ ಬರೆಯಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಇಂಥ ವಸ್ತುಗಳಿಗೆ ನೂರು ವರ್ಷ ಕೇಳುತ್ತದೆ. ಜಗತ್ತಿನ ಯಾವ ಸೋಲಾರ್ ಕೈಗಡಿಯಾರಕ್ಕೂ ಇನ್ನೂ ಅರವತ್ತಾಗಿಲ್ಲ.

"ಇದ್ದ ಹಾಗೆ ಮಾರಾಟ, ವಾಪಸಿಲ್ಲ" ಎಂದು ಬರೆದರೆ ಮುಗಿಯಿತು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ನೋಡಿ ಪರೀಕ್ಷಿಸಿ ಕೊಳ್ಳುವ ಜವಾಬ್ದಾರಿ ಸಾಮಾನ್ಯವಾಗಿ ಕೊಳ್ಳುವವನದೇ. ಆದರೆ ಅದೇ ಕಾಯ್ದೆಯ 15ನೇ ಕಲಮು, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು ಅನ್ನುತ್ತದೆ. ನಡೆಯುವುದಿಲ್ಲ ಎಂದು ಮಾರಿದ ವಾಚು ನಡೆಯಲಿಲ್ಲ ಎಂದು ಯಾರೂ ತಕರಾರು ತೆಗೆಯಲಾರರು. ಸೋರಿಕೆ ಇಲ್ಲ ಎಂದು ಬರೆದು ಸೋರಿದ ಮಶೀನು ಕಳಿಸಿದರೆ ತಕರಾರು ನ್ಯಾಯ. ನೀವು ಕೇಳಿದ ಮೂರನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ನಡೆಯುವುದಿಲ್ಲ ಎಂಬ ಮಾತಿಗೆ ಗಿರಾಕಿ ಓಡಿಹೋಗುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂದು ಮಾರುವವನಿಗೇ ಗೊತ್ತಿಲ್ಲ ಅನ್ನಿಸಿದಾಗ ಓಡಿಹೋಗುತ್ತಾನೆ.

ಇನ್ನು ಎಲ್ಲಿ ಮಾರುವುದು. ಫೇಸ್‌ಬುಕ್ಕಿನಲ್ಲಿ ಹಳೆ ವಾಚು ಸಂಗ್ರಹಿಸುವವರ ಗುಂಪುಗಳಿವೆ, ಬೆಂಗಳೂರು, ಪುಣೆ, ಮುಂಬೈಯವರು ಅಲ್ಲಿ ಹೆಚ್ಚು. ಮೊದಲ ದಿನವೇ ಮಾರಲು ಹೋಗದೆ ನಂಬರು ಹಾಕಿ "ಇದು ಯಾವ ವಾಚು" ಎಂದು ಕೇಳಿ. ಉತ್ತರ ಕೊಡುವ ಉತ್ಸಾಹ ನೋಡಿದರೆ ಬೇಡಿಕೆ ಎಷ್ಟಿದೆ ಎಂದು ತಿಳಿಯುತ್ತದೆ. ಒಳಗಿನ ಫೋಟೋ ಇಟ್ಟುಕೊಂಡು ಕೊಲ್ಹಾಪುರದ ಅದೇ ಅಂಗಡಿಗೆ ಇನ್ನೊಮ್ಮೆ ಹೋದರೂ ತಪ್ಪೇನಿಲ್ಲ. ಆದರೆ "ಇಟ್ಟು ಹೋಗಿ" ಅನ್ನುವುದಕ್ಕೆ ಒಪ್ಪಬೇಡಿ, ಯಾರಿಗೇ ಆಗಲಿ. ಚೀಟಿ ಇಲ್ಲದೆ ಬಿಟ್ಟುಬಂದ ವಾಚು ಮರಳಿ ಬರುವಾಗ ಒಳಗಿನ ಮಶೀನು ಅದೇ ಎಂದು ಸಾಧಿಸುವುದು ನಿಮ್ಮಿಂದಾಗದು.

ಇಂಟರ್ನೆಟ್ಟಿನಲ್ಲಿ ಮಾರುವಾಗ ನಿಮಗೆ ಬರುವ ಮೊದಲ ಫೋನು ಬಹುಶಃ ಗಿರಾಕಿಯದಾಗಿರುವುದಿಲ್ಲ. ತಾನು ಸೈನ್ಯದಲ್ಲಿದ್ದೇನೆ, ದೂರದ ಊರಿಗೆ ವರ್ಗವಾಗಿದೆ, ವಾಚು ನೋಡುವುದೇನೂ ಬೇಡ, ಕೇಳಿದ ಬೆಲೆ ಕೊಡುತ್ತೇನೆ, ಒಂದು ಕ್ಯೂಆರ್ ಕಳಿಸಿದ್ದೇನೆ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬೀಳುತ್ತದೆ ಎಂಬ ಕತೆ ಬಹಳ ಹಳೆಯದು, ಇನ್ನೂ ಓಡುತ್ತಿದೆ. ನಿಮ್ಮ ತಾಲ್ಲೂಕಿನಲ್ಲಿ ಸೈನ್ಯಕ್ಕೆ ಹೋದವರ ಮನೆಗಳು ಹಲವು, ಆ ಗೌರವದಿಂದಲೇ ಜನ ನಂಬಿಬಿಡುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಹಾಗೇನಾದರೂ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ.

ಕಳಿಸುವ ದಿನ ಚೈನನ್ನು ವಾಚಿನ ಗಾಜಿಗೆ ತಾಗದಂತೆ ಬೇರೆ ಬಟ್ಟೆಯಲ್ಲಿ ಸುತ್ತಿ, ಪುಟ್ಟ ಗಟ್ಟಿ ಡಬ್ಬಿಯಲ್ಲಿಟ್ಟು, ಅದನ್ನು ಇನ್ನೊಂದು ಡಬ್ಬಿಗೆ ಹಾಕಿ. ಹಾಕುವಾಗ ಬೆನ್ನಿನ ನಂಬರು ಕಾಣುವ ಹಾಗೆ ನಿಲ್ಲಿಸದೆ ಒಂದೇ ವಿಡಿಯೋ ತೆಗೆಯಿರಿ, ಅಂಚೆ ಚೀಟಿಯ ತನಕ. ಬಿಡಿ ಸೆಲ್ಲನ್ನು ಪಾರ್ಸೆಲ್ಲಿನೊಳಗೆ ಕಳಿಸುವುದಿದ್ದರೆ ಕೌಂಟರಿನಲ್ಲಿ ಕೇಳಿಯೇ ಕಳಿಸಿ. ಲಿಥಿಯಂ ಸೆಲ್ಲುಗಳಿಗೆ ವಿಮಾನದ ನಿಯಮ ಬೇರೆ, ಕೆಲವರು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿದ್ದರೆ ಆ ಹಳೆಯ ಸೆಲ್ಲಿನ ಎರಡೂ ಮಗ್ಗುಲಿನ ಫೋಟೋವನ್ನೂ ತಗಡಿನ ಕಿವಿಯ ಅಳತೆಯನ್ನೂ ಕೊಂಡವರಿಗೆ ಕಳಿಸಿಬಿಡಿ, ಅವರಿಗೆ ಬೇಕಾದದ್ದು ಅಷ್ಟೇ.